ಕಾರ್ಟೂನ್ ಪಾತ್ರಗಳ ದೇಸಿ ಮರುರೂಪ: ಹಾಸನ ಸೀಮೆಯ ನೆಲೆಯಿಂದ

ಬಿಳಿಯ ಮೈಬಣ್ಣದಲ್ಲಿ ಮೊದಲು ಮೂಡಿದ ಕಾರ್ಟೂನ್, ಕಾಮಿಕ್ಸ್ ಮತ್ತು ಅನಿಮೇಷನ್ ಪಾತ್ರಗಳನ್ನು ಕಪ್ಪು, ಕಂದು, ಎಣ್ಣೆಗೆಂಪು ಮೈಬಣ್ಣದ ಜನರಾಗಿ ಮತ್ತೆ ಬರೆದು, ಅವಕ್ಕೆ ಒಂದು ಊರು, ಮಾತು, ಉಡುಗೆ, ಮನೆತನ ಕೊಡುವ ಕಲಾಪ್ರವೃತ್ತಿಯನ್ನು ಮರುರೂಪ ಎನ್ನಬಹುದು. ಇದರಲ್ಲಿ ಎರಡು ಕೆಲಸಗಳಿವೆ. ಬಣ್ಣ ಬದಲಿಸುವುದು ಒಂದು, ಬದುಕನ್ನು ಬದಲಿಸುವುದು ಇನ್ನೊಂದು. ಮೊದಲನೆಯದು ಕಂಪ್ಯೂಟರಿನ ಮುಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಆ ಪಾತ್ರ ಏನು ಉಣ್ಣುತ್ತದೆ, ಯಾರನ್ನು ಹೇಗೆ ಕರೆಯುತ್ತದೆ, ಹೇಗೆ ಕೂರುತ್ತದೆ, ಯಾವ ಕೆಲಸ ಮಾಡಿ ಬದುಕುತ್ತದೆ ಎಂಬುದೆಲ್ಲ ಗೊತ್ತಿರಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನು ಒಳಗೊಂಡ ಹಾಸನ ಜಿಲ್ಲೆಯ ಬಯಲುಸೀಮೆ ಈ ಎರಡನೆಯ ಕೆಲಸವನ್ನು ಕಲ್ಲಿನಲ್ಲಿ, ತೊಗಲಿನಲ್ಲಿ, ಕಾದಂಬರಿಯಲ್ಲಿ ಶತಮಾನಗಳಿಂದ ಮಾಡುತ್ತ ಬಂದಿದೆ. ಬೇರೆಲ್ಲೋ ಹುಟ್ಟಿದ ಕಥೆಯ ಜನರನ್ನು ನಮ್ಮ ಜನರನ್ನಾಗಿ ಮಾಡಿಕೊಳ್ಳುವ ವಿದ್ಯೆ ಇಲ್ಲಿ ಹೊಸದೇನಲ್ಲ.

ಹೊರಗಿನ ಹಿನ್ನೆಲೆ

ಅಮೆರಿಕದಲ್ಲಿ ಈ ಚರ್ಚೆಯ ಬೇರು ಆಟದ ಗೊಂಬೆಯಲ್ಲಿದೆ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1940ರ ದಶಕದಲ್ಲಿ ಕಪ್ಪು ಮಕ್ಕಳ ಮುಂದೆ ಕಪ್ಪು ಮತ್ತು ಬಿಳಿ ಗೊಂಬೆಗಳನ್ನಿಟ್ಟು ಯಾವುದು ಚೆಂದ, ಯಾವುದು ಒಳ್ಳೆಯದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯತ್ತ ಕೈಚಾಚಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಹಿಂದೆ ಈ ಪ್ರಯೋಗದ ನೆರಳಿದೆ. ಆದರೂ ಡಿಸ್ನಿ ಸಂಸ್ಥೆಯ ಮೊದಲ ಕಪ್ಪು ರಾಜಕುಮಾರಿ ಟಿಯಾನಾ ತೆರೆಗೆ ಬಂದದ್ದು 2009ರಲ್ಲಿ. 2011ರಲ್ಲಿ ಕಾಮಿಕ್ಸಿಗೆ ಬಂದ ಮೈಲ್ಸ್ ಮೊರಾಲಿಸ್ ಎಂಬ ಹುಡುಗ ಸ್ಪೈಡರ್‌ಮ್ಯಾನ್ ವೇಷ ತೊಟ್ಟು 2018ರಲ್ಲಿ ಅನಿಮೇಷನ್ ಚಿತ್ರದ ನಾಯಕನಾದ. ಸಿಂಡರೆಲಾ, ಸ್ನೋವೈಟ್ ಮೊದಲಾದವರನ್ನು ತಮ್ಮ ತಮ್ಮ ನಾಡಿನ ಹುಡುಗಿಯರಾಗಿ ಬರೆಯುವ ಕಲಾವಿದರು ಈಗ ಹಲವು ದೇಶಗಳಲ್ಲಿ ಇದ್ದಾರೆ. ನಮ್ಮ ನೆರೆಯ ಚೆನ್ನೈನಲ್ಲಿ 2017ರಲ್ಲಿ ನಡೆದ ಒಂದು ಛಾಯಾಚಿತ್ರ ಯೋಜನೆ ಲಕ್ಷ್ಮಿ, ಸರಸ್ವತಿ, ಸೀತೆಯರನ್ನು ಕಪ್ಪು ಮೈಬಣ್ಣದ ರೂಪದರ್ಶಿಗಳ ಮೂಲಕ ತೋರಿಸಿತು.

ಬಣ್ಣವಿಲ್ಲದ ಕಲ್ಲು

ಹಾಸನ ಸೀಮೆಯ ಮೊದಲ ಮರುರೂಪಗಳಿಗೆ ಮೈಬಣ್ಣವೇ ಇಲ್ಲ. ಬೇಲೂರಿನ ಚೆನ್ನಕೇಶವ ಗುಡಿ (1117), ಹಳೇಬೀಡಿನ ಹೊಯ್ಸಳೇಶ್ವರ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ (1246) ಇವೆಲ್ಲ ಬಳಪದ ಕಲ್ಲಿನವು. ರಾಮನೂ ರಾವಣನೂ ಮಂಗನೂ ಮದನಿಕೆಯೂ ಒಂದೇ ಕಲ್ಲಿನ ಬಣ್ಣ. ಹಾಗಿದ್ದ ಮೇಲೆ ಶಿಲ್ಪಿ ಪಾತ್ರವನ್ನು ಗುರುತು ಹಿಡಿಸುವುದು ಹೇಗೆ? ನಿಲುವಿನಿಂದ, ಕೈಯಲ್ಲಿರುವ ಆಯುಧದಿಂದ, ತುರುಬಿನಿಂದ, ಸೊಂಟಪಟ್ಟಿಯಿಂದ. ಅಯೋಧ್ಯೆಯವರೋ ಹಸ್ತಿನಾವತಿಯವರೋ ಆಗಿರಬೇಕಾದ ಈ ಜನ ಹೊಯ್ಸಳರ ಕಾಲದ ಒಡವೆ ತೊಟ್ಟಿದ್ದಾರೆ, ಹೊಯ್ಸಳ ನಾಡಿನ ನಾಟ್ಯಭಂಗಿಯಲ್ಲಿ ನಿಂತಿದ್ದಾರೆ. ಹಳೇಬೀಡಿನ ಗೋವರ್ಧನ ಫಲಕದಲ್ಲಿ ಕೃಷ್ಣ ಎತ್ತಿದ ಬೆಟ್ಟದಡಿಯಲ್ಲಿ ನೆರೆದ ದನಗಳು ಯಮುನೆಯ ದಂಡೆಯವೆಂದು ಹೇಳುವವರು ಯಾರೂ ಇಲ್ಲ.

ಈ ಗುಡಿಗಳ ಗೋಡೆಯ ಪಟ್ಟಿಕೆಗಳನ್ನು ನಡೆಯುತ್ತ ನೋಡಬೇಕು. ಬಲಗೈ ಗೋಡೆಯ ಕಡೆಗಿಟ್ಟು ಸುತ್ತು ಹಾಕಿದರೆ ಕಥೆ ಒಂದೊಂದೇ ದೃಶ್ಯವಾಗಿ ಸರಿಯುತ್ತದೆ. ಅಭಿಮನ್ಯು ಚಕ್ರವ್ಯೂಹ ಹೊಕ್ಕ ದೃಶ್ಯವನ್ನು ನಿಂತು ನೋಡಿದವರಿಗಿಂತ ಅದನ್ನು ದಾಟಿ ನಡೆದವರಿಗೆ ಚೆನ್ನಾಗಿ ಕಾಣುತ್ತದೆ. ಚಿತ್ರ ನಿಂತಲ್ಲೇ ನಿಂತು, ನೋಡುವವನು ಚಲಿಸುವ ಈ ಬಗೆಯನ್ನು ಅನಿಮೇಷನ್ನಿನ ಪೂರ್ವಜ ಎಂದರೆ ಅತಿಯಾಗದು. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳು ತಮ್ಮ ಹೆಸರನ್ನು ಮೂರ್ತಿಗಳ ಪೀಠದಲ್ಲಿ ಕೆತ್ತಿದ್ದಾರೆ. ಒಂದೇ ಪುರಾಣದ ಪಾತ್ರಗಳು ಇಬ್ಬರ ಕೈಯಲ್ಲಿ ಬೇರೆ ಬೇರೆ ಮೈಕಟ್ಟು ಪಡೆದಿರುವುದನ್ನು ಅಲ್ಲಿ ಹೋಲಿಸಿ ನೋಡಬಹುದು. ಮೂಲಕ್ಕೆ ನಿಷ್ಠೆ ಎಂದರೆ ಒಂದೇ ಮುಖವನ್ನು ಮತ್ತೆ ಮತ್ತೆ ಕೆತ್ತುವುದಲ್ಲ ಎಂಬ ಅರಿವು 13ನೆಯ ಶತಮಾನದ ಶಿಲ್ಪಿಗೆ ಇತ್ತು.

ತೊಗಲುಗೊಂಬೆ

ಕಲ್ಲಿನಲ್ಲಿ ಇಲ್ಲದ ಬಣ್ಣ ತೊಗಲಿನಲ್ಲಿ ಬಂತು, ಬಣ್ಣದ ಜೊತೆಗೆ ಚಲನೆಯೂ ಬಂತು. ಕರ್ನಾಟಕದ ತೊಗಲುಗೊಂಬೆಯಾಟವನ್ನು ಆಡಿಸುವವರು ಬಹುಮಟ್ಟಿಗೆ ಕಿಳ್ಳೇಕ್ಯಾತ ಅಥವಾ ಸಿಳ್ಳೇಕ್ಯಾತ ಸಮುದಾಯದವರು. ಉತ್ತರದ ಜಿಲ್ಲೆಗಳಲ್ಲಿ ಇವರಿಗೆ ಕಟಬು ಎಂಬ ಹೆಸರೂ ಉಂಟು. ಮನೆಯೊಳಗೆ ಮರಾಠಿಗೆ ಹತ್ತಿರದ ಮಾತು, ಪರದೆಯ ಹಿಂದೆ ಕನ್ನಡ. ದಕ್ಷಿಣದ ಜಿಲ್ಲೆಗಳಲ್ಲಿ ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವುದೂ ಇವರ ಕಸುಬು. ಸಮುದಾಯ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಹಾಸನದ ಗುಂಡುರಾಜು ಅವರ ಮೇಳ ಈ ಜಿಲ್ಲೆಯ ಹೆಸರನ್ನು ತೊಗಲುಗೊಂಬೆಯ ಜೊತೆ ಹೊರಗೂ ಕೊಂಡೊಯ್ದಿದೆ. ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸೇರಿದ ಹಳೆಯ ಗೊಂಬೆಗಳ ಸಂಗ್ರಹ ಇಂದಿಗೂ ಈ ಕಲೆಯ ದೊಡ್ಡ ಆಕರ.

ಗೊಂಬೆ ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿದು ಕಟ್ಟಿ ಒಣಗಿಸುತ್ತಾರೆ. ಬೆಳಕು ಹಾಯುವಷ್ಟು ತೆಳ್ಳಗಾದ ಮೇಲೆ ಅದರ ಮೇಲೆ ಗೆರೆ ಎಳೆಯುತ್ತಾರೆ. ಒಡವೆ ಇರಬೇಕಾದ ಕಡೆ ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ದೀಪ ಹಚ್ಚಿದಾಗ ಸೀತೆಯ ಕೊರಳ ಸರ ಹೊಳೆಯುವುದು ಬಣ್ಣದಿಂದಲ್ಲ, ಆ ತೂತುಗಳಿಂದ. ಬಣ್ಣವನ್ನು ಎರಡೂ ಬದಿಗೆ ಹಚ್ಚುತ್ತಾರೆ. ಕೆಂಪು, ಹಸಿರು, ನೀಲಿ, ಕಪ್ಪು ಮುಖ್ಯ. ಹಿಂದೆ ಎಣ್ಣೆದೀಪ, ಈಗ ವಿದ್ಯುತ್ ಬಲ್ಬು. ಬಲ್ಬಿನ ಬೆಳಕು ಅಲುಗದು. ಎಣ್ಣೆದೀಪದ ಕುಡಿ ಅಲುಗಿದರೆ ಪರದೆಯ ಮೇಲಿನ ಮುಖವೂ ಉಸಿರಾಡಿದಂತೆ ಕಾಣುತ್ತಿತ್ತು. ಬೆಳಕು ಬದಲಾದಾಗ ಆಟ ಕಳೆದುಕೊಂಡದ್ದು ಅದನ್ನೇ.

ಮೈಬಣ್ಣಕ್ಕೆ ಇಲ್ಲಿ ಚರ್ಮದ ಬಣ್ಣವೇ ಅಳತೆಯಲ್ಲ. ರಾಮ ನೀಲಿಯೋ ಹಸಿರೋ ಆಗಿರುತ್ತಾನೆ. ಬಿಳಿಯ ಪರದೆಯ ಹಿಂದೆ ಬೆಳಕು ಹಾಯಿಸಿದಾಗ ಬಿಳಿ ಮೈ ಪರದೆಯಲ್ಲೇ ಕರಗಿಹೋಗುತ್ತದೆ. ಬೆಳ್ಳಗಿರುವುದೇ ಚೆಲುವು ಎಂಬ ನಂಬಿಕೆಗೆ ಈ ಮಾಧ್ಯಮದಲ್ಲಿ ಜಾಗ ಕಡಿಮೆ.

ಆದರೆ ಕಪ್ಪಿನ ಪ್ರಶ್ನೆ ಇಲ್ಲೂ ಇದೆ. ಗಣಪತಿ, ಸರಸ್ವತಿಯರ ಸ್ತುತಿ ಮುಗಿದ ಮೇಲೆ ಪರದೆಗೆ ಬರುವವನು ಕಿಳ್ಳೇಕ್ಯಾತ, ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ಕರಿಮೈ, ದಪ್ಪ ತುಟಿ, ಕೆದರಿದ ಕೂದಲು, ಮುಂದೆ ಬಂದ ಹೊಟ್ಟೆ. ಪುರಾಣದ ಯಾವ ಪಾತ್ರವೂ ಆಗಿರದ ಇವನ ಹೆಸರೇ ಆಡಿಸುವ ಸಮುದಾಯದ ಹೆಸರು. ರಾಮ ಮುಖ ಪಕ್ಕಕ್ಕೆ ತಿರುಗಿಸಿ ಗಂಭೀರವಾಗಿ ನಿಂತಿದ್ದರೆ ಇವನು ಕೈ, ಸೊಂಟ, ದವಡೆ ಎಲ್ಲವನ್ನೂ ಅಲ್ಲಾಡಿಸುತ್ತಾನೆ. ಕೀಲುಗಳು ಹೆಚ್ಚಾಗಿರುವುದು ಇವನಂಥ ಗೊಂಬೆಗಳಿಗೇ. ಅನಿಮೇಷನ್ ಕಲಾವಿದರ ಭಾಷೆಯಲ್ಲಿ ಹೇಳಬೇಕೆಂದರೆ ಇಡೀ ಮೇಳದಲ್ಲಿ ಹೆಚ್ಚು ಚಲನೆ ಕೊಟ್ಟಿರುವುದು ಈ ಕರಿಯನಿಗೆ.

ಇದನ್ನು ಎರಡು ಬಗೆಯಲ್ಲಿ ಓದಬಹುದು. ಕಪ್ಪು ಮನುಷ್ಯನನ್ನು ನಗೆಪಾಟಲಿಗೆ ಇಟ್ಟಿದ್ದಾರೆ ಎಂಬುದು ಒಂದು ಓದು, ಅದು ಸುಳ್ಳಲ್ಲ. ತುಟಿ, ಹೊಟ್ಟೆ, ಕೂದಲನ್ನು ಹೀಗೆ ಉಬ್ಬಿಸಿ ನಗಿಸುವ ಚಿತ್ರಗಳನ್ನು ಅಮೆರಿಕದ ಹಳೆಯ ಕಾರ್ಟೂನುಗಳೂ ಕಪ್ಪು ಜನರ ಬಗ್ಗೆ ಬರೆದಿದ್ದವು, ಅವನ್ನು ಈಗ ಯಾರೂ ಒಪ್ಪುವುದಿಲ್ಲ. ಇನ್ನೊಂದು ಓದಿಗೆ ಆಟವನ್ನೇ ಕೇಳಬೇಕು. ರಾಮ, ಲಕ್ಷ್ಮಣ, ರಾವಣರು ಪದ್ಯದಲ್ಲಿ, ಗ್ರಂಥಭಾಷೆಯಲ್ಲಿ ಮಾತಾಡುವಾಗ ಊರಿನ ಆಡುಮಾತು ಆಡುವವನು ಕಿಳ್ಳೇಕ್ಯಾತ. ರಾವಣನನ್ನೂ ತಡೆದು ಕೇಳುತ್ತಾನೆ, ಊರ ಗೌಡನನ್ನೂ ಬಿಡುವುದಿಲ್ಲ. ಲಂಕೆ ಎಲ್ಲಿದೆ ಎಂಬ ಮಾತು ಬಂದರೆ ಅವನ ಲೆಕ್ಕ ಅಲ್ಲೇ ಹತ್ತಿರದ ಊರಿನಿಂದ ಶುರುವಾಗುತ್ತದೆ. ಪುರಾಣವನ್ನು ನೆಲಕ್ಕೆ ಇಳಿಸುವ ಕೆಲಸ ಇವನದೇ. ಚಿತ್ರದಲ್ಲಿ ಅವಮಾನ, ಮಾತಿನಲ್ಲಿ ಅಧಿಕಾರ ಎರಡೂ ಒಂದೇ ಗೊಂಬೆಯಲ್ಲಿವೆ. ಮರುರೂಪದ ಬಗ್ಗೆ ಯೋಚಿಸುವವರಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಇದೇ ಬಯಲುಸೀಮೆಯ ಮೂಡಲಪಾಯ ಯಕ್ಷಗಾನ ತನ್ನ ವೇಷ, ಕುಣಿತ, ಮಾತುಗಳಲ್ಲಿ ಕರಾವಳಿಯ ಯಕ್ಷಗಾನದಿಂದ ಬೇರೆ. ಜೀ.ಶಂ. ಪರಮಶಿವಯ್ಯನವರ ಅಧ್ಯಯನದಿಂದ ಅದು ವಿದ್ವಾಂಸರ ಗಮನಕ್ಕೆ ಬಂತು. ಒಂದೇ ಅರ್ಜುನ ಉಡುಪಿಯಲ್ಲಿ ಒಂದು ಬಗೆ, ಮೂಡಲ ಸೀಮೆಯಲ್ಲಿ ಇನ್ನೊಂದು ಬಗೆ ಎಂದರೆ ಮರುರೂಪ ದೇಶದೇಶಗಳ ನಡುವೆ ಮಾತ್ರವಲ್ಲ, ಒಂದೇ ಭಾಷೆಯ ಒಳಗೂ ನಡೆಯುತ್ತದೆ ಎಂದಾಯಿತು.

ಅಚ್ಚಿನ ಪುಟದಲ್ಲಿ ಬೆಳ್ಳಗಾದವರು

ಮಹಾಭಾರತದ ಮುಖ್ಯರಲ್ಲಿ ಹಲವರು ಕಪ್ಪು. ಕೃಷ್ಣ ಕಪ್ಪು. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಕಥೆ ಬರೆದ ವ್ಯಾಸರು ಕೃಷ್ಣದ್ವೈಪಾಯನ. ಕ್ಯಾಲೆಂಡರಿಗೆ ಬರುವ ಹೊತ್ತಿಗೆ ಇವರೆಲ್ಲ ತಿಳಿನೀಲಿಯೋ ಗುಲಾಬಿಯೋ ಆಗಿದ್ದರು. ರವಿವರ್ಮನ ಅಚ್ಚುಚಿತ್ರಗಳಿಂದ ಹಿಡಿದು ಮಕ್ಕಳ ಚಿತ್ರಕಥೆಗಳವರೆಗೆ ಈ ಬೆಳ್ಳಗಾಗಿಸುವಿಕೆ ಮುಂದುವರಿಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆ ಒಂದೆರಡು ಪೀಳಿಗೆಗೆ ಪುರಾಣ ಕಲಿಸಿತು, ಆ ಋಣ ದೊಡ್ಡದು. ಆದರೆ ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಎಂಬ ಹಂಚಿಕೆಯನ್ನೂ ಅದು ಕಲಿಸಿತು ಎಂಬ ಟೀಕೆ ನ್ಯಾಯವಾದದ್ದು.

ಈ ಮಾಲೆಯ ಆರಂಭ ಕನ್ನಡದಲ್ಲಿ ಆದದ್ದು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. 1965ರಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಮೊದಲು ಕನ್ನಡದಲ್ಲಿ ಹೊರಬಂದ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಾದರಿಯ ಚಿತ್ರಕಥೆಗಳು. ಸಿಂಡರೆಲಾ, ಸ್ನೋವೈಟ್, ಪಿನೋಕಿಯೋ ಅವುಗಳಲ್ಲಿದ್ದವು. ಆಮೇಲೆ ಅನಂತ ಪೈ ಅವರ ಸಂಪಾದಕತ್ವದಲ್ಲಿ ಬಂದ ಮೊದಲ ಭಾರತೀಯ ಕಥೆ ‘ಕೃಷ್ಣ’ದ ಸಂಖ್ಯೆ 11 ಆಗಿರುವುದಕ್ಕೆ ಇದೇ ಕಾರಣ. ಆ ಹತ್ತರಲ್ಲಿ ಮಾತು ಕನ್ನಡದ್ದು, ಮುಖ ಯುರೋಪಿನದು. ಭಾಷೆ ಬದಲಾದರೂ ಪಾತ್ರ ನಮ್ಮದಾಗದೆ ಉಳಿದ ಸ್ಪಷ್ಟ ಉದಾಹರಣೆ ಇದು.

ಬೆಳ್ಳಗಾಗಿಸುವ ಚಟ ಹೊಸ ಕಾಲದಲ್ಲೂ ಬಿಟ್ಟಿಲ್ಲ. 2008ರಲ್ಲಿ ಹೈದರಾಬಾದಿನ ಸ್ಟುಡಿಯೋದಿಂದ ಹೊರಟ ‘ಛೋಟಾ ಭೀಮ್’ ಸರಣಿ ಪೂರ್ತಿ ಭಾರತೀಯ ಸೃಷ್ಟಿ. ಧೋತಿ ಉಟ್ಟ ಹುಡುಗ, ಲಡ್ಡು, ಹಳ್ಳಿ, ರಾಜ ಎಲ್ಲವೂ ಇವೆ. ಅದರಲ್ಲಿ ನಾಯಕನನ್ನು ಕಾಡುವ ದಾಂಡಿಗ ಹುಡುಗನ ಹೆಸರು ಕಾಲಿಯಾ. ಕರಿಯ ಎಂಬರ್ಥದ ಹೆಸರನ್ನು ಕೆಟ್ಟವನಿಗೆ ಇಡುವುದು ಮಕ್ಕಳ ಮನಸ್ಸಿನಲ್ಲಿ ಏನು ಬಿತ್ತುತ್ತದೆಂದು ಯೋಚಿಸಿದವರು ಕಡಿಮೆ. ದೇಸಿ ಸರಕಷ್ಟೇ ಸಾಲದು, ದೇಸಿ ಪೂರ್ವಗ್ರಹವೂ ಅದರ ಜೊತೆಗೇ ಬರುತ್ತದೆ.

ಹಂಚಿ ಎಂಬ ಹುಡುಗಿ

ಸಿಂಡರೆಲಾಳನ್ನು ಕನ್ನಡಕ್ಕೆ ತರಲು ಬಣ್ಣದ ಡಬ್ಬಿ ಹಿಡಿದು ಕೂರಬೇಕಾಗಿರಲಿಲ್ಲ, ಆಕೆ ಇಲ್ಲೇ ಇದ್ದಳು. ಎ.ಕೆ. ರಾಮಾನುಜನ್ ಸಂಗ್ರಹಿಸಿ, 1982ರಲ್ಲಿ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಸಂಪಾದಿಸಿದ ಸಿಂಡರೆಲಾ ಅಧ್ಯಯನ ಗ್ರಂಥದಲ್ಲಿ ವಿವೇಚಿಸಿದ ‘ಹಂಚಿ’ ಕಥೆಯ ಹುಡುಗಿ ಮಣ್ಣಿನ ಮುಖವಾಡ ತೊಟ್ಟು ಬದುಕುತ್ತಾಳೆ. ಹೊನ್ನಿನ ಕೂದಲ ಹುಡುಗಿ. ಅವಳನ್ನು ಕಂಡ ಅಣ್ಣನ ಮನಸ್ಸೇ ಕೆಡುತ್ತದೆ. ತಾಯಿ ಹೆದರಿ ಮಣ್ಣಿನ ಮುಖವಾಡ ತೊಡಿಸಿ ಮಗಳನ್ನು ಮನೆಯಿಂದ ಕಳಿಸುತ್ತಾಳೆ. ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ ಅವಳ ಕೈಯ ಸಿಹಿ ಅಡುಗೆಗೆ ಹೆಸರು. ಮನೆಯವರೆಲ್ಲ ಹೊರಗೆ ಹೋದ ದಿನ ಮುಖವಾಡ ತೆಗೆದು ಎಣ್ಣೆನೀರು ಹಾಕಿಕೊಳ್ಳುವಾಗ ಆ ಮನೆಯ ಮಗ ಅವಳನ್ನು ನೋಡುತ್ತಾನೆ.

ಗಾಜಿನ ಚಪ್ಪಲಿ, ಕುಂಬಳಕಾಯಿಯ ರಥ, ಅರಮನೆಯ ನೃತ್ಯ ಯಾವುದೂ ಇಲ್ಲಿ ಬೇಕಾಗಿಲ್ಲ. ಎಣ್ಣೆನೀರು, ಮಣ್ಣು, ಒಲೆ, ಸಿಹಿ ಅಡುಗೆ ಇವೇ ಕಥೆಯ ಕೀಲುಗಳು. ಸಿಂಡರೆಲಾಳಿಗೆ ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟು, ಹಿಂದೆ ಅದೇ ಅರಮನೆ ಇಟ್ಟು ಬರೆದ ಚಿತ್ರಗಳನ್ನು ನೋಡಿದಾಗಲೆಲ್ಲ ಹಂಚಿಯ ಕಥೆ ನೆನಪಿಗೆ ಬರುತ್ತದೆ. ಅಲ್ಲಿ ಬದಲಾದದ್ದು ಉಡುಗೆ, ಇಲ್ಲಿ ಕಥೆಯ ಹೊಟ್ಟೆಯೇ ಬೇರೆ. ಹಂಚಿಯನ್ನು ಅನಿಮೇಷನ್ ಮಾಡುವವರು ಆ ಹೊನ್ನಿನ ಕೂದಲನ್ನು ಹೇಗೆ ಬರೆಯುತ್ತಾರೆ ಎಂಬುದು ಗಟ್ಟಿ ಪ್ರಶ್ನೆ. ಕಂದು ಮೈಯ ಹುಡುಗಿಗೆ ಹೊನ್ನಿನ ಕೂದಲು ಇರುವುದು ಜನಪದರಿಗೆ ಒಂದು ಪವಾಡ. ಅದನ್ನು ಯುರೋಪಿನ ಹುಡುಗಿಯ ಕೂದಲಿನಂತೆ ಬರೆದರೆ ಪವಾಡ ಹೋಗಿ ಬರಿ ನಕಲು ಉಳಿಯುತ್ತದೆ.

ನಾಟಕ, ಕಾದಂಬರಿಗಳ ನೆರವು

ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ಕುವೆಂಪು ‘ರಕ್ತಾಕ್ಷಿ’ಯಲ್ಲಿ ಬಿದನೂರಿಗೆ ತಂದರು. ಹೆಸರು ಬದಲಿಸಿ ಬಿಡಲಿಲ್ಲ, ಕೆಳದಿ ಸಂಸ್ಥಾನದ ಇತಿಹಾಸವನ್ನೇ ಅದಕ್ಕೆ ಹಂದರ ಮಾಡಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪ ‘ಪರ್ವ’ದಲ್ಲಿ (1979) ಇದಕ್ಕೂ ಮುಂದೆ ಹೋದರು. ಮಹಾಭಾರತದ ಪಾತ್ರಗಳಿಂದ ದೈವತ್ವ ಕಳೆದು, ಕುಲ, ನಿಯೋಗ, ಹಸಿವು, ಮುಪ್ಪು, ದಣಿವುಗಳ ನಡುವೆ ನಿಲ್ಲಿಸಿದರು. ಅದಕ್ಕಾಗಿ ಹಿಮಾಲಯದ ತಪ್ಪಲಿನವರೆಗೆ ಅಲೆದು ಅಲ್ಲಿನ ಬಹುಪತಿ ಪದ್ಧತಿಯ ಜನರ ಬದುಕನ್ನು ಕಂಡು ಬಂದಿದ್ದರು. ಕಾದಂಬರಿಗೆ ಅನಿಮೇಷನ್ನಿನ ಮಾತು ಹೊಂದದಿರಬಹುದು. ಪಾತ್ರವನ್ನು ಮತ್ತೆ ಕಟ್ಟುವ ಮುಂಚೆ ಹೋಗಿ ನೋಡಿ ಬರಬೇಕು ಎಂಬ ಶಿಸ್ತು ಮಾತ್ರ ಎರಡಕ್ಕೂ ಒಂದೇ.

ದನಿ

ಮುಖದಷ್ಟೇ ದನಿಯೂ ಗುರುತು. ಅಮೆರಿಕದ ‘ದಿ ಸಿಂಪ್ಸನ್ಸ್’ ಸರಣಿಯ ಅಪು ಎಂಬ ಭಾರತೀಯ ಅಂಗಡಿಯವನಿಗೆ ದಶಕಗಳ ಕಾಲ ಬಿಳಿಯ ನಟನೊಬ್ಬ ಅಣಕದ ಉಚ್ಚಾರದಲ್ಲಿ ದನಿ ಕೊಟ್ಟ. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ಅದರ ವಿರುದ್ಧ ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಆ ಸರಣಿಯವರು ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯರಿಂದ ದನಿ ಕೊಡಿಸುವುದನ್ನು ನಿಲ್ಲಿಸಿದರು.

ಕನ್ನಡ ಮಕ್ಕಳ ಸಂಕಟ ಬೇರೆ. ಡಬ್ಬಿಂಗ್ ಬೇಡ ಎಂಬ ಅಲಿಖಿತ ಕಟ್ಟುಪಾಡು ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಇತ್ತು. ಕನ್ನಡದ ಕಲಾವಿದರ ಅನ್ನ ಉಳಿಸುವ ಕಾಳಜಿ ಅದರ ಹಿಂದಿತ್ತು. ಮಕ್ಕಳಿಗೆ ಮಾತ್ರ ಅದರಿಂದ ನಷ್ಟವೇ ಆಯಿತು. ಕಾರ್ಟೂನಿನ ಭಾಷೆ ಎಂದರೆ ಇಂಗ್ಲಿಷೋ ಹಿಂದಿಯೋ ಎಂದುಕೊಂಡು ಬೆಳೆದರು. 2009ರಲ್ಲಿ ಶುರುವಾದ ಚಿಂಟು ಟಿವಿ ಆ ಬೇಲಿಯಲ್ಲಿ ಮೊದಲ ದೊಡ್ಡ ಕಂಡಿ ತೆರೆಯಿತು. ಲ್ಯಾಟಿನ್ ಅಮೆರಿಕ ಮೂಲದ ಪುಟ್ಟ ಹುಡುಗಿ ಡೋರಾ ಅಲ್ಲಿ ಕನ್ನಡ ಮಾತಾಡಿದಳು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದು ಆದೇಶಿಸಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಕನ್ನಡವೂ ಅವುಗಳಲ್ಲಿತ್ತು.

ಆ ಚಿತ್ರದ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಈ ಲೇಖನದ ವಿಷಯಕ್ಕೆ ನೇರ ಉದಾಹರಣೆ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಚಿತ್ರಕಾರ ಜೀವನ್ ಜೆ. ಕಾಂಗ್ 2004ರಲ್ಲಿ ನಾಲ್ಕು ಸಂಚಿಕೆಗಳ ಕಾಮಿಕ್ಸಿಗಾಗಿ ಅವನನ್ನು ಸೃಷ್ಟಿಸಿದರು. ವಿಕಿರಣದ ಜೇಡ ಕಚ್ಚುವ ಬದಲು ಯೋಗಿಯೊಬ್ಬನಿಂದ ಅವನಿಗೆ ಶಕ್ತಿ ದೊರೆಯುತ್ತದೆ. ವೇಷದ ಮೇಲೆ ಧೋತಿ. ಚಿಕ್ಕಮ್ಮ ಮಾಯಾ, ಚಿಕ್ಕಪ್ಪ ಭೀಮ್. ಎದುರಾಳಿ ರಾಕ್ಷಸ. ಹುಡುಗರು ಇದನ್ನು ಸಂತೋಷದಿಂದ ಒಪ್ಪಿಕೊಂಡರು, ಆ ಸಂತೋಷ ಅವರ ಹಕ್ಕು. ಆದರೂ ಪವಿತ್ರನಿಗೆ ಊರೆಂಬುದು ಗಟ್ಟಿಯಾಗಿಲ್ಲ. ಕಾಮಿಕ್ಸಿನಲ್ಲಿ ಮುಂಬಯಿ, ಚಿತ್ರದಲ್ಲಿ ಮುಂಬಯಿ ಮತ್ತು ಮ್ಯಾನ್‌ಹ್ಯಾಟನ್ ಬೆರೆತ ಮುಂಬ್ಯಾಟನ್. ಯೋಗಿ, ಧೋತಿ, ರಾಕ್ಷಸ ಇವು ಹೊರಗಿನವರು ಭಾರತವನ್ನು ಗುರುತಿಸುವ ಚಿಹ್ನೆಗಳು. ಕನ್ನಡದಲ್ಲಿ ಮಾತಾಡಿದಾಗಲೂ ಅವನ ಕನ್ನಡ ಯಾವ ತಾಲ್ಲೂಕಿನದೆಂದು ಹೇಳಲಾಗದು.

ಪುಣ್ಯಕೋಟಿ

ಕನ್ನಡ ನಾಡಿನ ಕಥೆ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾದದ್ದು ರವಿಶಂಕರ್ ವಿ. ಅವರ ‘ಪುಣ್ಯಕೋಟಿ’ಯಲ್ಲಿ (2020). ಎಲ್ಲ ಕನ್ನಡ ಮಕ್ಕಳೂ ಶಾಲೆಯಲ್ಲಿ ಕೇಳುವ ಗೋವಿನ ಹಾಡು ಅದರ ಮೂಲ. ಸಂಗೀತ ಇಳಯರಾಜಾ ಅವರದು. ಚಿತ್ರದ ಭಾಷೆ ಮಾತ್ರ ಸಂಸ್ಕೃತ, ಸಂಸ್ಕೃತದ ಮೊದಲ ಅನಿಮೇಷನ್ ಚಲನಚಿತ್ರವೆಂದು ಅದಕ್ಕೆ ಹೆಸರು ಬಂತು. ಜನರು ಕೊಟ್ಟ ಹಣವನ್ನೂ ಕೂಡಿಸಿಕೊಂಡು, ವರ್ಷಗಟ್ಟಲೆ ದುಡಿದು ಮಾಡಿದ ಈ ಚಿತ್ರದ ಶ್ರಮ ದೊಡ್ಡದು. ಕಾಳಿಂಗ ಗೊಲ್ಲನಿಗೂ ಅರ್ಭುತ ಹುಲಿಗೂ ಚಲಿಸುವ ಮುಖ ಸಿಕ್ಕಿದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಗೊಲ್ಲನೊಬ್ಬ ತನ್ನ ಹಸುಗಳನ್ನು ಕರೆಯುವ ಹಾಡಿನಲ್ಲಿ ಕನ್ನಡವೇ ಜೀವ. ಹಸುಗಳ ಹೆಸರೂ ಅವುಗಳನ್ನು ಕೂಗುವ ರಾಗವೂ ಬೇರೆ ಮಾಡಲಾಗದಂತೆ ಹೆಣೆದುಕೊಂಡಿವೆ. ಮುಖ ನಮ್ಮದಾಗಿ ದನಿ ಬೇರೆಯದಾದ ಈ ಚಿತ್ರವನ್ನು, ದನಿ ನಮ್ಮದಾಗಿ ಮುಖ ಬೇರೆಯದಾದ 1965ರ ಸಿಂಡರೆಲಾಳ ಪಕ್ಕದಲ್ಲಿಟ್ಟು ನೋಡಬೇಕು.

ನಾಲ್ಕು ತಾಲ್ಲೂಕುಗಳ ಗುರುತು

ಈ ನಾಲ್ಕು ಊರುಗಳು ಮೂವತ್ತು ನಲವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿದ್ದರೂ ಒಂದಕ್ಕೊಂದು ಪಡಿಯಚ್ಚಲ್ಲ. ಹಾಸನದ ಸುತ್ತ ಆಲೂಗಡ್ಡೆ ಬೆಳೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ ಇಲ್ಲಿದೆ. ಹೊಳೆನರಸೀಪುರ ಹೇಮಾವತಿಯ ದಂಡೆಯ ಊರು. ಅರಕಲಗೂಡು ಹೊಗೆಸೊಪ್ಪಿನ ಸೀಮೆ, ಕಾವೇರಿ ದಂಡೆಯ ರಾಮನಾಥಪುರದಲ್ಲಿ ಅದರ ಹರಾಜು ನಡೆಯುತ್ತದೆ. ಅದೇ ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಚನ್ನರಾಯಪಟ್ಟಣ ತೆಂಗಿನ ಸೀಮೆ. ಇಲ್ಲಿನ ಹುಡುಗಿಯೊಬ್ಬಳನ್ನು ಕಥಾನಾಯಕಿಯಾಗಿ ಬರೆಯುವವರು ಮೊದಲು ಅವಳ ತಾಲ್ಲೂಕನ್ನು ಗೊತ್ತುಮಾಡಿಕೊಳ್ಳಬೇಕು. ಹೊಗೆಸೊಪ್ಪು ಮುರಿಯುವ ಮನೆಯವಳ ಬೆರಳಿಗೆ ಅಂಟುವ ಕರೆ ಆಲೂಗಡ್ಡೆ ಕೀಳುವವಳ ಕೈಗೆ ಇರುವುದಿಲ್ಲ. ಅವಳು ತಾಯಿಯನ್ನು ಅವ್ವ ಎನ್ನುತ್ತಾಳೆ, ತಮ್ಮನನ್ನು ‘ಬಾರ್ಲಾ’ ಎಂದು ಕೂಗುತ್ತಾಳೆ, ‘ಬಂದವ್ನೆ’, ‘ಹೋಗವ್ರೆ’ ಎನ್ನುತ್ತಾಳೆ. ರಾಗಿಮುದ್ದೆಯನ್ನು ಅಗಿಯದೆ ನುಂಗುತ್ತಾಳೆ. ಇಂಥ ಚಲನೆಯನ್ನು ಕಂಡು ಬರೆಯದಿದ್ದರೆ ಅನಿಮೇಷನ್ನಿನಲ್ಲಿ ಅದು ತಕ್ಷಣ ಸುಳ್ಳೆಂದು ಗೊತ್ತಾಗುತ್ತದೆ.

ಗೊಂಬೆಯವರು ಇಂಥ ಹೊಸ ಪಾತ್ರಗಳಿಗೆ ಹಿಂಜರಿದವರಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣ (ನಿಧನ 2023) ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟಗಾರರನ್ನೂ ತೊಗಲಿನಲ್ಲಿ ಮಾಡಿ ಆಡಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈ ಕುಟುಂಬಗಳ ಬಳಿ ಇರುವ ವಿದ್ಯೆ ಅನಿಮೇಷನ್ ಕಲಿಸುವ ಶಾಲೆಗಳ ಪಠ್ಯಕ್ಕೆ ಬರಬೇಕು, ಕಲಿಸುವವರಾಗಿ ಆ ಕುಟುಂಬದವರೇ ಬರಬೇಕು, ಸಂಬಳ ಪಡೆದು ಬರಬೇಕು. ಕಿಳ್ಳೇಕ್ಯಾತನನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆಯುವ ದಿನ ಅವನ ಕರಿಮೈ ಹಾಗೇ ಇರಲಿ, ಕೀಲುಗಳೂ ಆಡುಮಾತೂ ರಾವಣನನ್ನು ತಡೆದು ಕೇಳುವ ಎದೆಗಾರಿಕೆಯೂ ಇರಲಿ. ಉಬ್ಬಿಸಿದ ತುಟಿ, ಹೊಟ್ಟೆಗಳನ್ನು ಏನು ಮಾಡಬೇಕೆಂಬುದನ್ನು ಅವನ ಹೆಸರು ಹೊತ್ತ ಸಮುದಾಯದ ಹುಡುಗ ಹುಡುಗಿಯರು ತೀರ್ಮಾನಿಸಬೇಕು.